ಗೊರಕೆ ನಿಂತಾಗ ಏನಾಗುತ್ತದೆ?

1956ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 51 ವರ್ಷದ ಸ್ಥೂಲಕಾಯದ ಅಧಿಕಾರಿಯೊಬ್ಬನ ಪ್ರಕರಣ ಅಚ್ಚಾಯಿತು. ಆತನಿಗೆ ವಾರಕ್ಕೊಮ್ಮೆ ಪೋಕರ್ ಆಡುವ ರೂಢಿ. ಒಂದು ಸಲ ಕೈಗೆ ಮೂರು ಎಕ್ಕ, ಎರಡು ರಾಜ ಬಂದವು. ಆ ಆಟದಲ್ಲಿ ಅಂಥ ಎಲೆಗಳು ಬೀಳುವುದು ಅಪರೂಪ. ಆದರೆ ಎಲೆಗಳನ್ನು ಹಿಡಿದುಕೊಂಡೇ ಆತ ನಿದ್ದೆಗೆ ಜಾರಿದ, ಗೆಲ್ಲುವ ಆಟ ಕೈತಪ್ಪಿತು. ಕೆಲವೇ ದಿನಗಳಲ್ಲಿ ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಗೆ ಬಂದು ಸೇರಿದ.

ಅವನನ್ನು ಪರೀಕ್ಷಿಸಿದ ಸಿಡ್ನಿ ಬರ್ವೆಲ್ ಮತ್ತು ಸಂಗಡಿಗರು ಅವನ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿರುವುದನ್ನು, ಆಮ್ಲಜನಕ ಕಡಿಮೆಯಾಗಿರುವುದನ್ನು ಕಂಡರು. ಬೊಜ್ಜಿನ ಭಾರಕ್ಕೆ ಎದೆ ಸರಿಯಾಗಿ ಹಿಗ್ಗುತ್ತಿಲ್ಲ, ಹೊರಹೋಗದ ಅನಿಲವೇ ಮಂಪರು ತರಿಸುತ್ತಿದೆ ಎಂದು ತೀರ್ಮಾನಿಸಿದರು. ಚಾರ್ಲ್ಸ್ ಡಿಕನ್ಸ್ 1836–37ರಲ್ಲಿ ಬರೆದ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲಿ ನಿಂತಲ್ಲೇ ತೂಕಡಿಸುವ ಜೋ ಎಂಬ ದಪ್ಪ ಹುಡುಗನಿದ್ದಾನೆ. ಅವನ ನೆನಪಿನಲ್ಲಿ ಕಾಯಿಲೆಗೆ 'ಪಿಕ್‌ವಿಕ್ ಲಕ್ಷಣಕೂಟ' ಎಂದು ಹೆಸರಿಟ್ಟರು. ಊಟಕ್ಕೆ ಕಟ್ಟುಪಾಡು ಹಾಕಿ ತೂಕ ಇಳಿಸಿದಾಗ ರೋಗಿ ಚೇತರಿಸಿಕೊಂಡ. ಹಾಗಾಗಿ ಕೊಟ್ಟ ಕಾರಣವೂ ಸರಿಯೆಂದೇ ಎಲ್ಲರೂ ನಂಬಿದರು. ಆ ವಿವರಣೆಯಲ್ಲಿ ಒಂದು ಕೊರತೆಯಿತ್ತು. ರೋಗಿಯ ಹಗಲನ್ನು ವೈದ್ಯರು ಕೂಲಂಕಷವಾಗಿ ಅಳೆದಿದ್ದರು, ರಾತ್ರಿಯನ್ನು ಅಳೆದಿರಲಿಲ್ಲ.

ಆ ಹೊತ್ತಿಗಾಗಲೇ ನಿದ್ದೆಯನ್ನು ಅಳೆಯುವ ವಿದ್ಯೆ ಬೆಳೆದಿತ್ತು. ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದ ಬಗೆಯನ್ನು ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲೇ ಪ್ರಕಟಿಸಿದ್ದರು. ಮುಚ್ಚಿದ ರೆಪ್ಪೆಯಡಿ ಕಣ್ಣುಗುಡ್ಡೆ ಚುರುಕಾಗಿ ಓಡಾಡುವ, ಕನಸು ತುಂಬಿದ ನಿದ್ದೆಯ ಘಟ್ಟವನ್ನು ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ಗುರುತಿಸಿದ್ದರು. ಆದರೆ ಅಲ್ಲಿ ಗಮನವೆಲ್ಲ ಮಿದುಳು ಮತ್ತು ಕಣ್ಣುಗಳ ಮೇಲೆ. ಶ್ವಾಸಕೋಶದ ವೈದ್ಯರಾದರೋ ಎಚ್ಚರವಿದ್ದ ರೋಗಿಯನ್ನು ಕೂರಿಸಿ ಉಸಿರು ಅಳೆಯುತ್ತಿದ್ದರು. ಮಿದುಳಿನವರು ಉಸಿರನ್ನು ನೋಡಲಿಲ್ಲ, ಉಸಿರಿನವರು ನಿದ್ದೆಯನ್ನು ನೋಡಲಿಲ್ಲ. ಉತ್ತರ ಇದ್ದದ್ದು ಇವೆರಡೂ ಕೂಡುವ ಜಾಗದಲ್ಲಿ.

ಆ ಜಾಗಕ್ಕೆ ಯುರೋಪಿನ ಎರಡು ತಂಡಗಳು 1965ರಲ್ಲಿ ಬೇರೆಬೇರೆಯಾಗಿ ಬಂದು ಮುಟ್ಟಿದವು. ಜರ್ಮನಿಯ ಫ್ರೈಬುರ್ಗ್‌ನಲ್ಲಿ ರಿಚರ್ಡ್ ಯುಂಗ್ ಮತ್ತು ವೋಲ್ಫ್‌ಗಾಂಗ್ ಕೂಲೊ, ಫ್ರಾನ್ಸಿನ ಮಾರ್ಸೆಯಲ್ಲಿ ಆನ್ರಿ ಗಾಸ್ತೊ ಮತ್ತು ಸಂಗಡಿಗರು. ಗಾಸ್ತೊ ಮೂರ್ಛೆರೋಗದ ತಜ್ಞರು. ಮಿದುಳಿನ ಅಲೆಗಳ ಜೊತೆಗೆ ಉಸಿರಾಟದ ಗೆರೆಯನ್ನೂ ಒಂದೇ ಕಾಗದದ ಮೇಲೆ ಬರೆಸಿ, ಪಿಕ್‌ವಿಕ್ ರೋಗಿಗಳ ರಾತ್ರಿಯನ್ನು ಅವರು ಗಮನಿಸಿದರು.

ಕಂಡದ್ದು ಹೀಗಿತ್ತು. ರೋಗಿ ಗೊರಕೆ ಹೊಡೆಯುತ್ತಾನೆ, ಗೊರಕೆ ಏರುತ್ತದೆ, ಇದ್ದಕ್ಕಿದ್ದಂತೆ ನಿಲ್ಲುತ್ತದೆ. ನೋಡಿದವರು ಈಗ ಗಾಢ ನಿದ್ದೆ ಬಂತು ಎಂದುಕೊಳ್ಳಬೇಕು. ಕಾಗದದ ಗೆರೆ ಬೇರೆಯೇ ಹೇಳುತ್ತಿತ್ತು. ಮೂಗು ಬಾಯಿಗಳಲ್ಲಿ ಗಾಳಿಯ ಓಡಾಟವೇ ಇಲ್ಲ. ಎದೆ, ಹೊಟ್ಟೆ ಮಾತ್ರ ಉಸಿರೆಳೆಯಲು ಹೆಣಗುತ್ತಲೇ ಇವೆ. ಅಂದರೆ ಶ್ವಾಸಕೋಶ ಸೋತಿಲ್ಲ, ದಾರಿ ಕಟ್ಟಿದೆ. ಹತ್ತು, ಇಪ್ಪತ್ತು, ಕೆಲವೊಮ್ಮೆ ಅರವತ್ತು ಸೆಕೆಂಡು ಕಳೆದ ಮೇಲೆ ಮಿದುಳಿನ ಅಲೆಗಳು ದಡಕ್ಕನೆ ಎಚ್ಚರದ ಅಲೆಗಳಾಗುತ್ತವೆ. ಗಂಟಲು ತೆರೆದು, ಗೊರ್ರೆಂದು ಉಸಿರು ಒಳಗೆ ನುಗ್ಗುತ್ತದೆ. ಮರುಕ್ಷಣವೇ ಮತ್ತೆ ನಿದ್ದೆ, ಮತ್ತೆ ಗೊರಕೆ, ಮತ್ತೆ ನಿಲುಗಡೆ. ರಾತ್ರಿಯಲ್ಲಿ ಇದು ನೂರಾರು ಸಲ ನಡೆಯುತ್ತಿತ್ತು. ಬೆಳಗ್ಗೆ ಎದ್ದವನಿಗೆ ಒಂದೂ ನೆನಪಿಲ್ಲ, ಏಕೆಂದರೆ ಪ್ರತಿಯೊಂದು ಎಚ್ಚರವೂ ಕೆಲವೇ ಸೆಕೆಂಡುಗಳದ್ದು.

ಹಗಲಿನ ತೂಕಡಿಕೆಗೆ ಕಾರಣ ಈ ಚೂರುಚೂರಾದ ನಿದ್ದೆ ಎಂದು ಗಾಸ್ತೊ ತಂಡ ಹೇಳಿತು. ಅದು ನಿಜವೆಂದು ತೋರಿಸಿದ್ದು ಒಂದು ಕಠಿಣ ಚಿಕಿತ್ಸೆ. 1969ರಲ್ಲಿ ಕೂಲೊ ಮತ್ತು ಸಂಗಡಿಗರು ಇಂಥ ರೋಗಿಯ ಕುತ್ತಿಗೆಯಲ್ಲಿ, ಕಟ್ಟಿಕೊಳ್ಳುವ ಜಾಗಕ್ಕಿಂತ ಕೆಳಗೆ, ಶ್ವಾಸನಾಳಕ್ಕೆ ರಂಧ್ರ ಮಾಡಿ ಕೊಳವೆ ಇಟ್ಟರು. ಗಾಳಿ ಗಂಟಲನ್ನು ಬಿಟ್ಟು ನೇರವಾಗಿ ಒಳಹೋಯಿತು. ಹಗಲಿನ ತೂಕಡಿಕೆ ಹೋಯಿತು. ರೋಗ ಶ್ವಾಸಕೋಶದಲ್ಲೂ ಇಲ್ಲ, ಮನಸ್ಸಿನ ಆಲಸ್ಯದಲ್ಲೂ ಇಲ್ಲ, ನಾಲಿಗೆಯ ಬುಡದ ಹಿಂದಿನ ಕೆಲವೇ ಅಂಗುಲಗಳಲ್ಲಿದೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿರಲಿಲ್ಲ.

ಗೊರಕೆಯನ್ನು ಗಂಭೀರವಾಗಿ ತೆಗೆದುಕೊಂಡ ಮೊದಲಿಗರಲ್ಲಿ ಇಟಲಿಯ ಬೊಲೊನ್ಯದ ಎಲಿಯೊ ಲುಗರೇಸಿ ಪ್ರಮುಖರು. ಅವರೂ ಜಾರ್ಜಿಯೊ ಕೊಕ್ಕಾನ್ಯರೂ ಮಲಗಿದ ರೋಗಿಗಳ ರಕ್ತದೊತ್ತಡವನ್ನು ದಾಖಲಿಸಿದರು. ಆರೋಗ್ಯವಂತರಲ್ಲಿ ನಿದ್ದೆಯಲ್ಲಿ ಇಳಿಯಬೇಕಾದ ಒತ್ತಡ, ಉಸಿರು ಕಟ್ಟಿದಾಗಲೆಲ್ಲ ಇವರಲ್ಲಿ ಮೇಲೇರುತ್ತಿತ್ತು. 1972ರಲ್ಲಿ ಲುಗರೇಸಿ ರಿಮಿನಿಯಲ್ಲಿ ಈ ವಿಷಯಕ್ಕೆಂದೇ ಒಂದು ಸಮ್ಮೇಳನ ಕರೆದರು.

ಅದೇ ವರ್ಷ ಫ್ರಾನ್ಸಿನ ಯುವ ವೈದ್ಯ ಕ್ರಿಸ್ಟಿಯನ್ ಗಿಯೆಮಿನೊ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ವಿಲಿಯಮ್ ಡೆಮೆಂಟ್ 1970ರಲ್ಲಿ ನಿದ್ದೆಯ ತೊಂದರೆಗಳಿಗಾಗಿಯೇ ಚಿಕಿತ್ಸಾಲಯ ತೆರೆದಿದ್ದರು. ಯಾವುದೇ ದೂರು ಇಟ್ಟುಕೊಂಡು ಬಂದವರಿಗೂ ರಾತ್ರಿಯ ಪರೀಕ್ಷೆಯಲ್ಲಿ ಉಸಿರಾಟ ಮತ್ತು ಹೃದಯದ ದಾಖಲೆ ಇರಲೇಬೇಕು ಎಂದು ಗಿಯೆಮಿನೊ ಹಟ ಹಿಡಿದರು. ಆ ಹಟದಿಂದ ಹೊಸದೊಂದು ಗೊತ್ತಾಯಿತು. ರೋಗಿಗಳೆಲ್ಲ ದಪ್ಪಗಿರಲಿಲ್ಲ! ಸಾಧಾರಣ ಮೈಕಟ್ಟಿನವರಲ್ಲೂ ಉಸಿರು ನಿಲ್ಲುತ್ತಿತ್ತು. ಗಿಡ್ಡ ಗಲ್ಲ, ಹಿಂದೆ ಸರಿದ ದವಡೆ, ಊದಿದ ಟಾನ್ಸಿಲ್, ಇವೂ ಸಾಕಿದ್ದವು. ಇನ್ನು ಪಿಕ್‌ವಿಕ್‌ನ ಹುಡುಗನ ಹೆಸರು ಸಾಲದಾಯಿತು. 1976ರಲ್ಲಿ ಗಿಯೆಮಿನೊ, ಡೆಮೆಂಟ್ ಮತ್ತು ಆರಾ ಟಿಲ್ಕಿಯನ್ ಕಾಯಿಲೆಗೆ 'ಸ್ಲೀಪ್ ಆಪ್ನಿಯ' ಎಂಬ ಹೆಸರನ್ನೂ ಅಳತೆಯನ್ನೂ ನಿಗದಿ ಮಾಡಿದರು. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಅದೊಂದು ಆಪ್ನಿಯ. 7 ಗಂಟೆಯ ನಿದ್ದೆಯಲ್ಲಿ 30 ಸಲ ಹಾಗಾದರೆ ಕಾಯಿಲೆ ಎಂಬುದು ಅಂದಿನ ಅಳತೆಯಾಗಿತ್ತು.

ಅದೇ ವರ್ಷ ಗಿಯೆಮಿನೊ ಮತ್ತು ಸಂಗಡಿಗರು ಎಂಟು ಮಕ್ಕಳಲ್ಲೂ ಇದನ್ನು ವರದಿ ಮಾಡಿದರು. ದೊಡ್ಡವರಂತೆ ತೂಕಡಿಸುವ ಬದಲು ಈ ಕಾಯಿಲೆಯ ಮಕ್ಕಳು ಎಷ್ಟೋ ಸಲ ನಿಂತಲ್ಲಿ ನಿಲ್ಲದೆ ಕಿರಿಕಿರಿ ಮಾಡುತ್ತಾರೆ, ಪಾಠದಲ್ಲಿ ಹಿಂದೆ ಬೀಳುತ್ತಾರೆ. ತುಂಟ, ದಡ್ಡ ಎಂದು ಬೈಸಿಕೊಂಡ ಎಷ್ಟು ಮಕ್ಕಳು ನಿಜಕ್ಕೂ ರಾತ್ರಿಯಿಡೀ ಉಸಿರಿಗೆ ಹೋರಾಡಿ ಶಾಲೆಗೆ ಬಂದವರೋ ಎಂದು ನೆನೆದರೆ ಸಂಕಟವಾಗುತ್ತದೆ.

ಎಚ್ಚರದಲ್ಲಿ ಕಟ್ಟದ ಗಂಟಲು ನಿದ್ದೆಯಲ್ಲೇ ಏಕೆ ಕಟ್ಟುತ್ತದೆ? ಮೂಗಿನಿಂದ ಶ್ವಾಸಕೋಶದವರೆಗಿನ ದಾರಿಯಲ್ಲಿ ಗಂಟಲಿನ ಭಾಗಕ್ಕೆ ಮಾತ್ರ ಗಟ್ಟಿ ಆಧಾರವಿಲ್ಲ. ಅದನ್ನು ತೆರೆದಿಡುವುದು ಸ್ನಾಯುಗಳ ಬಿಗಿ. ಉಸಿರೆಳೆದಾಗಲೆಲ್ಲ ನಾಲಿಗೆಯನ್ನು ಮುಂದಕ್ಕೆ ಹಿಡಿಯುವ ಸ್ನಾಯು ನಿದ್ದೆಯಲ್ಲಿ ಸಡಿಲವಾಗಿ, ಗಂಟಲ ಗೋಡೆಗಳು ಒಳಕ್ಕೆ ಹೀರಿಕೊಂಡು ಕೂಡಿಬಿಡುತ್ತವೆ ಎಂಬುದನ್ನು ಜಾನ್ ರೆಮ್ಮರ್ಸ್ ಮತ್ತು ಸಂಗಡಿಗರು 1978ರಲ್ಲಿ ಅಳೆದು ತೋರಿಸಿದರು. ಮದ್ಯ ಕುಡಿದು ಮಲಗಿದರೆ ಆ ಸ್ನಾಯು ಇನ್ನೂ ಸಡಿಲ. ಅಂಗಾತ ಮಲಗಿದರೆ ನಾಲಿಗೆಯ ಭಾರವೂ ಹಿಂದಕ್ಕೆ ಬೀಳುತ್ತದೆ.

ಕಾರಣ ತಿಳಿಯಿತು, ಚಿಕಿತ್ಸೆಯೆಂದರೆ ಕುತ್ತಿಗೆಗೆ ರಂಧ್ರವೇ. ಹಲವರು ಅದಕ್ಕೆ ಒಪ್ಪುತ್ತಿರಲಿಲ್ಲ. 1980ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಅಂಥ ಒಬ್ಬ ರೋಗಿ, ಕಟ್ಟಡದ ಕೆಲಸ ಮಾಡುವವನು, ಡಾಕ್ಟರ್ ಕಾಲಿನ್ ಸಲಿವನ್ ಅವರ ಬಳಿ ಬಂದ. ಸಲಿವನ್ ಅದಕ್ಕೆ ಮೊದಲು ಕೆನಡಾದ ಟೊರಾಂಟೊದಲ್ಲಿ ಎಲಿಯಟ್ ಫಿಲಿಪ್ಸನ್ ಜೊತೆ, ಮಲಗಿದ ನಾಯಿಗಳ ಉಸಿರಾಟವನ್ನು ಅಭ್ಯಾಸ ಮಾಡಿದ್ದರು. ಅವರಿಗೆ ಹೊಳೆದ ಉಪಾಯ ಸರಳ. ಒಳಗೆ ಗಾಳಿಯ ಒತ್ತಡ ಇದ್ದರೆ ಸೈಕಲ್ ಟ್ಯೂಬು ಚಪ್ಪಟೆಯಾಗುವುದಿಲ್ಲ. ಹಾಗೆಯೇ ಮೂಗಿನಿಂದ ಹಗುರವಾದ ಒತ್ತಡದಲ್ಲಿ ಗಾಳಿ ಊದುತ್ತಲೇ ಇದ್ದರೆ ಗಂಟಲೂ ಕೂಡಿಕೊಳ್ಳಲಾರದು. ಕುತ್ತಿಗೆ ಕುಯ್ಯಿಸಿಕೊಳ್ಳಲು ಒಲ್ಲದ ಆ ರೋಗಿ ಈ ಪ್ರಯೋಗಕ್ಕೆ ಒಪ್ಪಿದ.

ಯಂತ್ರ ಎಲ್ಲೂ ಸಿಗುತ್ತಿರಲಿಲ್ಲ, ಇದ್ದದ್ದರಲ್ಲೇ ಹೊಂದಿಸಿಕೊಂಡರು. ಧೂಳು ಹೀರುವ ವ್ಯಾಕ್ಯೂಮ್ ಕ್ಲೀನರ್ ಮೋಟರಿನಿಂದ ಗಾಳಿ ಊದುವ ಆರಂಭದ ಯಂತ್ರಗಳು ತಯಾರಾದವು. ಮೂಗಿನ ಅಚ್ಚು ತೆಗೆದು ಮುಖವಾಡ ಮಾಡಿ, ಗಾಳಿ ಸೋರದಂತೆ ಸಿಲಿಕೋನ್ ಅಂಟಿನಿಂದ ಮುಖಕ್ಕೆ ಕೂರಿಸುತ್ತಿದ್ದರು. ಆ ಮೊದಲ ರಾತ್ರಿ ಒತ್ತಡವನ್ನು ಮೆಲ್ಲಮೆಲ್ಲಗೆ ಏರಿಸಿದಾಗ ಉಸಿರಿನ ನಿಲುಗಡೆಗಳು ಇಲ್ಲವಾದವು. ಇಳಿಸಿ ನೋಡಿದರೆ ಮರಳಿ ಬಂದವು. ಏರಿಸಿದರೆ ಮತ್ತೆ ಹೋದವು. ಕಾಕತಾಳೀಯ ಎನ್ನುವ ಸಂದೇಹಕ್ಕೆ ಎಡೆಯೇ ಉಳಿಯದಂತೆ ಮತ್ತೆ ಮತ್ತೆ ಪರೀಕ್ಷಿಸಿ, ಆಮೇಲೆ ಸರಿಯಾದ ಒತ್ತಡಕ್ಕೆ ನಿಲ್ಲಿಸಿ ಅವನನ್ನು ಮಲಗಲು ಬಿಟ್ಟರು. ವರ್ಷಗಟ್ಟಲೆ ಬಾಕಿ ಉಳಿದಿದ್ದ ಗಾಢ ನಿದ್ದೆ, ಕನಸಿನ ನಿದ್ದೆ ಒಟ್ಟಿಗೆ ಬಂದವು. ಬೆಳಗ್ಗೆ ಎದ್ದಾಗ ತೂಕಡಿಕೆ ಇರಲಿಲ್ಲ.

ಐವರು ರೋಗಿಗಳ ಫಲಿತಾಂಶ 1981ರ ಏಪ್ರಿಲ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಸಲಿವನ್ ಜೊತೆ ಫೈಕ್ ಇಸ್ಸಾ, ಮೈಕಲ್ ಬರ್ಥನ್-ಜೋನ್ಸ್ ಮತ್ತು ಲೊರೇನ್ ಈವ್ಸ್ ಅದರ ಲೇಖಕರು. ಬೇಕಾದ ಒತ್ತಡ 4.5ರಿಂದ 10 ಸೆಂಟಿಮೀಟರ್ ನೀರಿನಷ್ಟು ಮಾತ್ರ. ಇಂದು ಮನೆಗಳಲ್ಲಿ ಹಾಸಿಗೆಯ ಪಕ್ಕ ಇರುವ, ಸಿ-ಪ್ಯಾಪ್ ಎಂದು ಕರೆಯುವ ಸಣ್ಣ ಪೆಟ್ಟಿಗೆಗೆ ಮೂಲ ಅದೇ.

ನಿದ್ದೆಯ ಗಂಟೆಗಳಿಗಿಂತ ಅದರ ನಿರಂತರತೆ ಮುಖ್ಯ ಎಂಬುದಕ್ಕೆ 1985ರಲ್ಲಿ ಇನ್ನೊಂದು ಪುರಾವೆ ಸಿಕ್ಕಿತು. ಮೈಕಲ್ ಬಾನೆಟ್ ಆರೋಗ್ಯವಂತ ಯುವಜನರನ್ನು ನಿದ್ದೆ ಹತ್ತಿದ ಪ್ರತಿ ನಿಮಿಷಕ್ಕೊಮ್ಮೆ ಎಚ್ಚರಿಸುತ್ತ ಎರಡು ರಾತ್ರಿ ಕಳೆದರು. ಅವರ ಸ್ಥಿತಿ ಒಂದೆರಡು ದಿನ ಪೂರ್ತಿ ನಿದ್ದೆಗೆಟ್ಟವರ ಸ್ಥಿತಿಯಂತಾಯಿತು. ಕಾಯಿಲೆಯಿಲ್ಲದವರೂ ಎರಡೇ ರಾತ್ರಿಗೆ ಹೀಗಾದರೆ, ಹತ್ತಾರು ವರ್ಷ ಹಾಗೆ ಮಲಗಿದವರ ಗತಿ ಊಹಿಸಬಹುದು.

ಇದು ಅಪರೂಪದ ಕಾಯಿಲೆ ಎಂಬ ಭಾವನೆ 1993ರವರೆಗೂ ಇತ್ತು. ಆ ವರ್ಷ ಟೆರಿ ಯಂಗ್ ತಂಡ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 30ರಿಂದ 60 ವರ್ಷದ 602 ಉದ್ಯೋಗಸ್ಥರ ನಿದ್ದೆಯನ್ನು ಅಳೆದಾಗ, ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 9 ಮಂದಿಗೆ ಗಂಟೆಗೆ ಐದು ಅಥವಾ ಹೆಚ್ಚು ಬಾರಿ ಉಸಿರು ತಡೆಯುತ್ತಿತ್ತು. ನಮ್ಮ ದೇಶದಲ್ಲಿ ಮುಂಬೈಯ ಡಾ. ಝರೀರ್ ಉದ್ವಾಡಿಯಾ ಮತ್ತು ಸಂಗಡಿಗರು ನಗರದ ಮಧ್ಯವಯಸ್ಕ ಗಂಡಸರನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 19.5 ಮಂದಿಯಲ್ಲಿ ಈ ತೊಂದರೆಯಿತ್ತು. ಅದರ ಜೊತೆಗೆ ಹಗಲಿನ ತೂಕಡಿಕೆಯೂ ಇದ್ದವರು ಶೇ. 7.5.

ದಣಿದು ಏಳುವವರಿಗೆಲ್ಲ ಇದೇ ಕಾಯಿಲೆ ಎನ್ನಲಾಗದು. ರಕ್ತಹೀನತೆ, ಥೈರಾಯ್ಡ್ ಕೊರತೆ, ಖಿನ್ನತೆ, ಕೆಲವು ಮಾತ್ರೆಗಳು, ಮಲಗಿದಾಗ ಕಾಲು ಸೆಳೆಯುವ ತೊಂದರೆ, ಇವೂ ಕಾರಣವಾಗಬಲ್ಲವು. ಆದರೆ ದಣಿವಿನ ಜೊತೆ ಜೋರು ಗೊರಕೆ, ಬೆಳಗಿನ ತಲೆನೋವು, ಒಣಗಿದ ಬಾಯಿ, ರಾತ್ರಿ ಪದೇಪದೇ ಮೂತ್ರಕ್ಕೆ ಏಳುವುದು, ಮಾತ್ರೆಗೂ ಬಗ್ಗದ ರಕ್ತದೊತ್ತಡ ಸೇರಿದರೆ ಪರೀಕ್ಷೆ ಮಾಡಿಸಲೇಬೇಕು. ಚಿಕಿತ್ಸೆಗೆ ಯಂತ್ರವೊಂದೇ ದಾರಿಯೂ ಅಲ್ಲ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಕೆಳದವಡೆಯನ್ನು ಮುಂದೆ ಹಿಡಿಯುವ ಹಲ್ಲಿನ ಪಟ್ಟಿ, ಮಕ್ಕಳಿಗಾದರೆ ಟಾನ್ಸಿಲ್ ತೆಗೆಸುವುದು, ಯಾರಿಗೆ ಯಾವುದು ಒಗ್ಗುತ್ತದೆಂದು ವೈದ್ಯರು ಹೇಳುತ್ತಾರೆ.

ನಮ್ಮಲ್ಲಿ ಗೊರಕೆಯನ್ನು ಸುಖನಿದ್ದೆಯ ಗುರುತೆಂದು ನಂಬುವವರು ಇಂದಿಗೂ ಬಹಳ. ಹಗಲು ತೂಕಡಿಸುವವನನ್ನು ಕುಂಭಕರ್ಣ, ಸೋಮಾರಿ ಎಂದು ಕರೆಯುವ ರೂಢಿಯೂ ಹೋಗಿಲ್ಲ. ವಿಜ್ಞಾನಿಗಳು ಇದನ್ನು ಕಂಡುಹಿಡಿಯಲು ಅಷ್ಟು ವರ್ಷ ತೆಗೆದುಕೊಂಡರು. ಆದರೆ ಗಂಡನ ಉಸಿರು ನಿಂತದ್ದನ್ನು ಕೇಳಿ ಗಾಬರಿಯಿಂದ ಭುಜ ಅಲುಗಿಸಿದ ಹೆಂಡತಿಗೆ, ಮಗುವಿನ ಗೊರಕೆ ಎಣಿಸುತ್ತ ಕುಳಿತ ಅಜ್ಜಿಗೆ ಈ ಸಂಗತಿಯ ಅರ್ಧ ಮೊದಲೇ ಗೊತ್ತಿತ್ತು. ಅವರನ್ನು ಯಾರೂ ಕೇಳಲಿಲ್ಲ. ಈ ಕಾಯಿಲೆಯಲ್ಲಿ ಮಲಗಿದವನು ತನ್ನ ರಾತ್ರಿಗೆ ತಾನು ಸಾಕ್ಷಿಯಾಗಲಾರ. ಆದ್ದರಿಂದ ದಣಿವಿಗೆಂದು ವೈದ್ಯರ ಬಳಿ ಹೋಗುವಾಗ ಅದೇ ಕೋಣೆಯಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ, ಮೊದಲ ಮಾತನ್ನು ಅವರೇ ಆಡಲಿ.