ಇಂಜಿನ್‌ಗೆ ಜ್ವರವೋ, ಮುಳ್ಳಿಗೆ ರೋಗವೋ?

ನಮ್ಮ ಶಾಲೆಯ ಹಿಂದಿನ ಬೀದಿಯಲ್ಲಿ ಒಬ್ಬ ಡ್ರೈವರಣ್ಣ ಇದ್ದಾನೆ. ಅವನದೊಂದು ಹಳೇ ಟ್ಯಾಕ್ಸಿ. ಅದರಿಂದಲೇ ಅವನ ಮನೆ ನಡೆಯಬೇಕು.

ಒಂದು ದಿನ ಬೆಳಿಗ್ಗೆ ಅವನು ಕೀಲಿ ತಿರುಗಿಸಿದ. ಇಂಜಿನ್ ಇನ್ನೂ ಶುರುವಾಗಿರಲಿಲ್ಲ. ರಾತ್ರಿಯೆಲ್ಲ ನಿಂತಿದ್ದ ಗಾಡಿ, ಮುಟ್ಟಿದರೆ ತಣ್ಣಗಿತ್ತು. ಆದರೂ ಬಿಸಿ ತೋರಿಸುವ ಮುಳ್ಳು ಸರ್ರನೆ ಏರಿತು. 'ಎಚ್' ಅನ್ನುವ ಗುರುತು ಮುಟ್ಟಿತು. ಅವನಿಗೆ ಗಾಬರಿ.

ಯಾರೋ ಹೇಳಿದರು, "ಇಂಜಿನ್ ಮೇಲೆ ಒಂದು ವೈರ್ ಇದೆ. ಅದನ್ನು ಕಿತ್ತುಬಿಡು. ಮುಳ್ಳು ಸುಮ್ಮನಾಗುತ್ತೆ." ಅವನು ಕಿತ್ತ. ಮುಳ್ಳು 'ಸಿ' ಅನ್ನುವ ಗುರುತಿನ ಹತ್ತಿರ ಹೋಗಿ ಮಲಗಿತು. ಅವನಿಗೂ ನೆಮ್ಮದಿಯಾಯಿತು.

ಹದಿನೈದು ದಿನ ಕಳೆಯಿತು. ಮಂಗಳೂರಿನಿಂದ ಹಾಸನಕ್ಕೆ ಬರುತ್ತಿದ್ದ. ಶಿರಾಡಿ ಘಾಟಿ ಹತ್ತುವಾಗ ನೀರಿನ ರಬ್ಬರ್ ಪೈಪು ಸೀಳಿತು. ನೀರೆಲ್ಲ ಸೋರಿಹೋಯಿತು. ಮುಳ್ಳು ಅಲ್ಲಾಡಲಿಲ್ಲ. ಹೇಗೆ ಅಲ್ಲಾಡೀತು? ಅದರ ವೈರನ್ನೇ ಅವನು ಕಿತ್ತಿದ್ದ. ಬಾನೆಟ್‌ನಿಂದ ಹಬೆ ಬಂದಾಗಲೇ ಅವನಿಗೆ ಗೊತ್ತಾದದ್ದು. ಅಷ್ಟರಲ್ಲಿ ಗ್ಯಾಸ್ಕೆಟ್ ಹೋಗಿತ್ತು. ಇಂಜಿನ್ನಿನ ಹೆಡ್ ಸೊಟ್ಟಗಾಗಿತ್ತು. ಎರಡು ತಿಂಗಳ ದುಡಿಮೆ ರಿಪೇರಿಗೇ ಹೋಯಿತು.

ಅವನು ಎಲ್ಲಿ ತಪ್ಪಿದ? ಬನ್ನಿ, ನೋಡೋಣ.

ಬಿಸಿ ಅರಿಯುವ ಸಾಧನ

ಪೆಟ್ರೋಲು ಉರಿದಾಗ ಇಂಜಿನ್ ಕಾಯುತ್ತದೆ. ಅದನ್ನು ತಂಪು ಮಾಡಲು ಒಳಗೆ ನೀರು ಸುತ್ತುತ್ತಾ ಇರುತ್ತದೆ. ಈ ನೀರಿಗೆ ಒಂದು ಔಷಧಿ ಬೆರೆಸುತ್ತಾರೆ. ಅದಕ್ಕೆ ಕೂಲೆಂಟ್ ಎಂದು ಹೆಸರು. ನೀರು ಇಂಜಿನ್ನಿನ ಬಿಸಿ ಹೊತ್ತು ರೇಡಿಯೇಟರಿಗೆ ಬರುತ್ತದೆ. ಅಲ್ಲಿ ಗಾಳಿಗೆ ತಣ್ಣಗಾಗುತ್ತದೆ. ಮತ್ತೆ ಇಂಜಿನ್ನಿಗೆ ಹೋಗುತ್ತದೆ.

ನೀರು ಎಷ್ಟು ಬಿಸಿಯಾಗಿದೆ ಅಂತ ಡ್ರೈವರಿಗೆ ತಿಳಿಯಬೇಕಲ್ಲ? ಮಗುವಿಗೆ ಜ್ವರ ಬಂದರೆ ತಾಯಿ ಹಣೆ ಮುಟ್ಟಿ ನೋಡುತ್ತಾಳೆ. ಹಾಗೆ ನೀರನ್ನು ಮುಟ್ಟಿ ನೋಡುವ ಒಂದು ಸಣ್ಣ ಸಾಧನ ಇಂಜಿನ್ನಿನಲ್ಲಿದೆ. ಅದೇ ಸೆನ್ಸರ್. ನೋಡಲು ದಪ್ಪ ತಿರುಪುಮೊಳೆಯ ಹಾಗೆ ಇರುತ್ತದೆ. ತುದಿ ನೀರಿನಲ್ಲಿ ಮುಳುಗಿರುತ್ತದೆ. ತಲೆಗೆ ವೈರ್ ಸಿಕ್ಕಿಸಿರುತ್ತಾರೆ.

ಸೆನ್ಸರ್ ತಣ್ಣಗಿದ್ದಾಗ ಕರೆಂಟನ್ನು ಹೆಚ್ಚು ತಡೆಯುತ್ತದೆ. ಬಿಸಿಯಾದ ಹಾಗೆ ತಡೆ ಕಡಿಮೆಯಾಗುತ್ತದೆ. ಆಗ ಹೆಚ್ಚು ಕರೆಂಟ್ ಹರಿದು ಮುಳ್ಳು ಮೇಲೇರುತ್ತದೆ. 'ಸಿ' ಅಂದರೆ ತಣ್ಣಗೆ. 'ಎಚ್' ಅಂದರೆ ಬಿಸಿ. ಇಂಜಿನ್ ಹದವಾಗಿ ಕಾದಾಗ ಬಹಳ ಕಾರುಗಳಲ್ಲಿ ಮುಳ್ಳು ನಡುವೆ ನಿಲ್ಲುತ್ತದೆ.

ಮಾರುತಿ 800 ಕಾರು ಬಂದದ್ದು 1983ರಲ್ಲಿ. ಅದರ ತಯಾರಿಕೆ 2014ರಲ್ಲಿ ನಿಂತಿತು. ಅಂಬಾಸಿಡರ್ ತಯಾರಿಕೆಯೂ ಅದೇ ವರ್ಷ ನಿಂತಿತು. ಆದರೂ ಇಂಥ ಹಳೇ ಕಾರುಗಳು ಇನ್ನೂ ಅಲ್ಲಲ್ಲಿ ಓಡುತ್ತಿವೆ. ಕಾರ್ಬುರೇಟರ್ ಇರುವ ಹಳೇ ಕಾರುಗಳಲ್ಲಿ ಮುಳ್ಳಿನ ಸೆನ್ಸರಿಗೆ ಸಾಮಾನ್ಯವಾಗಿ ಒಂದೇ ವೈರ್ ಇರುತ್ತದೆ. ಮುಂದೆ ಹೇಳುವ ವೈರ್ ಪರೀಕ್ಷೆ ಅಂಥ ಸೆನ್ಸರಿಗೆ ಮಾತ್ರ.

ಮೊದಲು ನೀರು ನೋಡಿ

ಮುಳ್ಳು ತಪ್ಪು ತೋರಿಸುತ್ತಿದೆ ಅನ್ನಿಸಿತೇ? ಕೂಡಲೇ ಸೆನ್ಸರನ್ನು ಬೈಯಬೇಡಿ. ಮುಳ್ಳು ನಿಜವನ್ನೇ ಹೇಳುತ್ತಿರಬಹುದು. ಗಾಡಿ ಓಡುವಾಗ ಮುಳ್ಳು 'ಎಚ್' ಕಡೆ ಹೋದರೆ ನಿಲ್ಲಿಸಿ. ಇಂಜಿನ್ ಆರಿಸಿ. ಪೂರ್ತಿ ತಣ್ಣಗಾಗಲು ಬಿಡಿ.

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು. ಒಳಗೆ ನೀರು ಒತ್ತಡದಲ್ಲಿ ಇರುತ್ತದೆ. ಮುಚ್ಚಳ ತಿರುಗಿಸಿದ ಕೂಡಲೇ ಕುದಿವ ನೀರು ಮುಖಕ್ಕೆ ಚಿಮ್ಮುತ್ತದೆ. ಮುಖ, ಕೈ ಬೆಂದುಹೋಗುತ್ತದೆ. ಫ್ಯಾನಿನಿಂದಲೂ ಬೆರಳು ದೂರ ಇಡಿ. ಕೆಲವು ಕಾರುಗಳಲ್ಲಿ ಕೀಲಿ ತೆಗೆದ ಮೇಲೂ ಫ್ಯಾನ್ ತಿರುಗಬಹುದು.

ತಣ್ಣಗಾದ ಮೇಲೆ ನೀರಿನ ಮಟ್ಟ ನೋಡಿ. ಪೈಪು ಸೋರುತ್ತಿದೆಯೇ ನೋಡಿ. ಫ್ಯಾನ್ ಕೆಲಸ ಮಾಡುತ್ತದೆಯೇ ನೋಡಿ.

ಇನ್ನೊಂದು ಮಾತು. ನೀರು ಬಹಳ ಕಡಿಮೆಯಾದರೆ ಸೆನ್ಸರಿನ ತುದಿಗೆ ನೀರು ತಾಗುವುದಿಲ್ಲ. ಆಗ ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೆ ಬೀಳಬಹುದು. ಏರು ಹತ್ತುವಾಗ ಮುಳ್ಳು ದಿಢೀರನೆ ಕೆಳಗಿಳಿದರೆ ಖುಷಿ ಪಡಬೇಡಿ. ಗಾಡಿ ನಿಲ್ಲಿಸಿ ನೋಡಿ.

ವೈರ್ ಪರೀಕ್ಷೆ

ನೀರು ಸರಿಯಾಗಿದೆ. ಸೋರಿಕೆ ಇಲ್ಲ. ಆದರೂ ಮುಳ್ಳು ತಪ್ಪು ತೋರಿಸುತ್ತಿದೆ. ಆಗ ಈ ಪರೀಕ್ಷೆ ಮಾಡಿ. ಇಂಜಿನ್ ತಣ್ಣಗಿರಬೇಕು, ಆರಿರಬೇಕು.

ಮುಳ್ಳು ಯಾವಾಗಲೂ 'ಎಚ್'ನಲ್ಲಿ ಇದ್ದರೆ:

1. ಸೆನ್ಸರಿನ ವೈರ್ ಬಿಚ್ಚಿ. ಅದು ಯಾವ ಲೋಹಕ್ಕೂ ತಾಗದಂತೆ ಇಡಿ.
2. ಇಂಜಿನ್ ಶುರು ಮಾಡದೆ ಕೀಲಿ ಮಾತ್ರ ತಿರುಗಿಸಿ.
3. ಮುಳ್ಳು 'ಸಿ'ಗೆ ಇಳಿದರೆ ಸೆನ್ಸರ್ ಕೆಟ್ಟಿದೆ.
4. ಇಳಿಯದಿದ್ದರೆ ವೈರಿನ ಸಿಪ್ಪೆ ಸವೆದು ಎಲ್ಲೋ ಲೋಹಕ್ಕೆ ತಾಗುತ್ತಿರಬಹುದು. ಅಂಥ ಜಾಗಕ್ಕೆ ಟೇಪು ಸುತ್ತಿದರೂ ಸಾಕಾಗಬಹುದು. ವೈರ್ ಸರಿಯಿದ್ದರೆ ಮೀಟರ್ ತೋರಿಸಿ.

ಮುಳ್ಳು ಯಾವಾಗಲೂ 'ಸಿ'ಯಲ್ಲಿ ಇದ್ದರೆ:

1. ಬಿಚ್ಚಿದ ವೈರಿನ ತುದಿಯನ್ನು ಇಂಜಿನ್ನಿನ ಬರಿ ಲೋಹಕ್ಕೆ ತಾಗಿಸಿ.
2. ಇನ್ನೊಬ್ಬರು ಕೀಲಿ ತಿರುಗಿಸಿ ಮುಳ್ಳು ನೋಡಲಿ. ಮುಳ್ಳು ಏರತೊಡಗಿದ ಕೂಡಲೇ ವೈರ್ ತೆಗೆಯಿರಿ. ಹೆಚ್ಚು ಹೊತ್ತು ಹಿಡಿದರೆ ಮೀಟರ್ ಕೆಡಬಹುದು.
3. ಮುಳ್ಳು 'ಎಚ್' ಕಡೆ ಏರಿದರೆ ಮೀಟರೂ ವೈರೂ ಚೆನ್ನಾಗಿವೆ. ಆಗ ಸೆನ್ಸರಿನ ಮೇಲೆ ಸಂಶಯ.
4. ಏರದಿದ್ದರೆ ವೈರ್ ತುಂಡಾಗಿರಬಹುದು. ಫ್ಯೂಸು ಅಥವಾ ಮೀಟರ್ ಕೆಟ್ಟಿರಬಹುದು.

ಸಂಶಯ ಇದ್ದ ಮಾತ್ರಕ್ಕೆ ಸೆನ್ಸರ್ ಕೊಳ್ಳಬೇಡಿ. ನೀರನ್ನು ತಡೆದು ಬಿಡುವ ಥರ್ಮೋಸ್ಟಾಟ್ ಎಂಬ ಬಾಗಿಲು ತೆರೆದೇ ನಿಂತಿದ್ದರೂ ಇಂಜಿನ್ ಬೇಗ ಕಾಯುವುದಿಲ್ಲ. ಆಗಲೂ ಮುಳ್ಳು ಕೆಳಗೇ ಇರುತ್ತದೆ. ಅದು ಸುಳ್ಳಲ್ಲ, ನಿಜ.

ಬಿಸಿನೀರಿನ ಪರೀಕ್ಷೆ

ಪೂರ್ತಿ ಖಾತ್ರಿ ಬೇಕೇ? ತಣ್ಣಗಿರುವ ಇಂಜಿನ್ನಿನಿಂದ ಸೆನ್ಸರ್ ಬಿಚ್ಚಿಸಿ. ಹಳೇ ಪಾತ್ರೆಯಲ್ಲಿ ನೀರಿಟ್ಟು ಅದರ ತುದಿ ಮಾತ್ರ ಮುಳುಗಿಸಿ. ಮಲ್ಟಿಮೀಟರಿನ ಒಂದು ಕಡ್ಡಿ ಸೆನ್ಸರಿನ ತಲೆಗೆ, ಇನ್ನೊಂದು ಅದರ ಮೈಗೆ ತಾಗಿಸಿ. ತಡೆಯ ಅಂಕಿ ಓದಿ. ಅದನ್ನು ಓಮ್ ಎಂದು ಕರೆಯುತ್ತಾರೆ. ಈಗ ನೀರು ಕಾಯಿಸಿ. ನೀರು ಕಾದ ಹಾಗೆ ಅಂಕಿ ಇಳಿಯುತ್ತಾ ಹೋಗಬೇಕು. ಅಂಕಿ ಬದಲಾಗದಿದ್ದರೆ, ಅಥವಾ ಹಾರಿ ಹಾರಿ ಬಿದ್ದರೆ, ಸೆನ್ಸರ್ ಕೆಟ್ಟಿದೆ.

ಹೊಸದು ಹಾಕುವಾಗ ಹಳೆಯದನ್ನು ಅಂಗಡಿಗೆ ತೆಗೆದುಕೊಂಡು ಹೋಗಿ. ಅದೇ ಕಾರಿನದೇ ತನ್ನಿ. ಒಂದೇ ವೈರಿನ ಸೆನ್ಸರಿಗೆ ಅದರ ಮೈಯೇ ಎರಡನೇ ವೈರ್ ಇದ್ದ ಹಾಗೆ. ಮರೆಗೆ ದಪ್ಪವಾಗಿ ಟೇಪು ಸುತ್ತಿದರೆ ಕರೆಂಟ್ ಹರಿಯದೆ ಮುಳ್ಳು ತಪ್ಪು ತೋರಿಸುತ್ತದೆ. ಬಿಗಿ ಅತಿಯಾದರೆ ಮರೆ ಕೀಳುತ್ತದೆ. ಕೊನೆಗೆ ಕಡಿಮೆಯಾದ ಕೂಲೆಂಟ್ ತುಂಬಿಸಿ, ಒಳಗಿನ ಗಾಳಿ ತೆಗೆಸಿ. ಕೂಲೆಂಟ್ ವಿಷ. ಅದರ ರುಚಿ ಸಿಹಿ. ಮಕ್ಕಳು, ನಾಯಿ, ದನಗಳಿಗೆ ಸಿಗದಂತೆ ಇಡಿ.

ಆಮೇಲೆ ಬಂದ ಕಾರುಗಳಲ್ಲಿ ಕಂಪ್ಯೂಟರಿಗೂ ಒಂದು ಸೆನ್ಸರ್ ಇರುತ್ತದೆ. ಸಾಮಾನ್ಯವಾಗಿ ಅದಕ್ಕೆ ಎರಡು ವೈರ್. ಅದು ಕೆಟ್ಟರೆ ಬೆಳಿಗ್ಗೆ ಗಾಡಿ ಬೇಗ ಶುರುವಾಗದೆ ಇರಬಹುದು. ಕಪ್ಪು ಹೊಗೆ ಬರಬಹುದು. ಪೆಟ್ರೋಲು ಹೆಚ್ಚು ಕುಡಿಯಬಹುದು. ಅದರ ವೈರ್ ಮುಟ್ಟಲು ಹೋಗಬೇಡಿ. ತಿಳಿದ ಮೆಕ್ಯಾನಿಕ್‌ಗೆ ತೋರಿಸಿ.

ಈಗ ಹೇಳಿ

ನಮ್ಮ ಡ್ರೈವರಣ್ಣ ವೈರ್ ಕಿತ್ತಾಗ ಮುಳ್ಳು 'ಸಿ'ಗೆ ಇಳಿದಿತ್ತು. ಅಂದರೆ ಪರೀಕ್ಷೆ ಆಗಲೇ ಮುಗಿದಿತ್ತು. ಸೆನ್ಸರ್ ಕೆಟ್ಟಿದೆ ಅಂತ ಕಾರೇ ಅವನಿಗೆ ಹೇಳಿತ್ತು. ಅವನು ಅದನ್ನು ರಿಪೇರಿ ಅಂದುಕೊಂಡ. ಹೊಸ ಸೆನ್ಸರ್ ಹಾಕಿಸಿದ್ದರೆ ಮುಳ್ಳಿಗೆ ಮತ್ತೆ ಜೀವ ಬರುತ್ತಿತ್ತು. ಘಾಟಿಯಲ್ಲಿ ಅವನು ಮುಳ್ಳು ನೋಡಿಯೇ ಗಾಡಿ ನಿಲ್ಲಿಸಬಹುದಿತ್ತು.

ಈಗ ಅವನು ದಿನಾ ಬೆಳಿಗ್ಗೆ ಮೊದಲು ನೀರು ನೋಡುತ್ತಾನೆ. ಆಮೇಲೆ ಕೀಲಿ ತಿರುಗಿಸಿ ಮುಳ್ಳು ನೋಡುತ್ತಾನೆ. ಆಮೇಲೇ ಗಾಡಿ ತೆಗೆಯುತ್ತಾನೆ.

ಉತ್ತರ ಕೊಡಿ

1. ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಏಕೆ ತೆಗೆಯಬಾರದು?
2. ನೀರು ಬಹಳ ಕಡಿಮೆಯಾದರೆ ಮುಳ್ಳು ಏಕೆ ಸುಳ್ಳು ಹೇಳಬಹುದು?
3. ವೈರ್ ಬಿಚ್ಚಿದ ಮೇಲೂ ಮುಳ್ಳು 'ಎಚ್'ನಲ್ಲೇ ಇದೆ. ಏನನ್ನು ಹುಡುಕುತ್ತೀರಿ?