ಗೋವಿಂದನಹಳ್ಳಿಗೆ ಸೈಕಲ್ಲಾ? ಏನು ಹಾಕ್ಕೋತೀರಿ?

ಶ್ರೀರಂಗಪಟ್ಟಣದಿಂದ ಗೋವಿಂದನಹಳ್ಳಿಗೆ ಸೈಕಲ್ಲಲ್ಲಿ ಹೊರಟಿದ್ದೀರಾ?
ಹಾಕಿರೋದೇನು, ಜೀನ್ಸಾ?

50 ಕಿಲೋಮೀಟರಿಗೂ ಜಾಸ್ತಿ ದಾರಿ.
ಜೀನ್ಸಿನ ದಪ್ಪ ಹೊಲಿಗೆ ತೊಡೆಸಂದೀಲಿ ಉಜ್ಜುತ್ತೆ.
ಪಾಂಡವಪುರ ದಾಟೋದ್ರೊಳಗೆ ಉರಿ ಶುರು!

ಪ್ಯಾಡ್ ಇರೋ ಸೈಕ್ಲಿಂಗ್ ಶಾರ್ಟ್ಸ್ ಹಾಕಿ.
ಒಳಗೆ ಚಡ್ಡಿ ಬೇಡ. ನಿಜವಾಗ್ಲೂ ಬೇಡ.
ಅದರ ಹೊಲಿಗೇನೂ ಉಜ್ಜುತ್ತೆ.

ಕಾಟನ್ ಟೀ ಶರ್ಟು?
ಬೆವರು ಕುಡಿದು, ಒದ್ದೆ ಗೋಣಿಚೀಲದ ಹಾಗೆ
ಬೆನ್ನಿಗೆ ಅಂಟ್ಕೊಳ್ಳುತ್ತೆ.
ಬೇಗ ಒಣಗೋ ಪಾಲಿಯೆಸ್ಟರ್ ಜೆರ್ಸಿ ಒಳ್ಳೇದು.

ಗೋವಿಂದನಹಳ್ಳಿಯಿಂದ ಹತ್ತಿರದ ಕಿಕ್ಕೇರಿಗೆ ಹೋಗಿ ಬರೋರಿಗೆ ಇದ್ಯಾವುದೂ ಬೇಡ.
ದಿನಾ ಹಾಕೋ ಬಟ್ಟೆ ಸಾಕು.
ಬಲಗಾಲಿನ ಪ್ಯಾಂಟ್ ಅಂಚು ಮಾತ್ರ ಮಡಚಿ,
ರಬ್ಬರ್ ಬ್ಯಾಂಡ್ ಹಾಕಿ.
ಚೈನಿಗೆ ಸಿಕ್ಕೋದು ಅದೇ.

ದೂರದಿಂದ ಬರೋರು ಬ್ಯಾಗಲ್ಲಿ ಒಂದು ತೆಳು ಪಂಚೆ ಇಟ್ಕೊಳ್ಳಿ.
ಗೋವಿಂದನಹಳ್ಳೀಲಿರೋದು ಪಂಚಲಿಂಗೇಶ್ವರ ದೇವಸ್ಥಾನ.
ಹೊಯ್ಸಳರ ಕಾಲದ್ದು, 13ನೇ ಶತಮಾನದ್ದು.
ಸಾಲಾಗಿ ಐದು ಗರ್ಭಗುಡಿ!
ಶಾರ್ಟ್ಸ್ ಮೇಲೇ ಪಂಚೆ ಸುತ್ಕೊಂಡು ಒಳಗೆ ಹೋಗಿ.