ಎಂಸಿಟಿ ಎಣ್ಣೆ: ಯಾರಿಗೆ ಬೇಕು, ಯಾರಿಗೆ ಬೇಡ

ಡಿಸೆಂಬರ್ ತಿಂಗಳ ಬೆಳಗ್ಗೆ ಬೆಂಗಳೂರಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಹೆಪ್ಪುಗಟ್ಟಿ ಕೂತಿರುತ್ತದೆ. ಬಿಸಿನೀರಿನಲ್ಲಿ ಇಟ್ಟು ಕರಗಿಸದ ಹೊರತು ಒಂದು ಹನಿಯೂ ಕೆಳಗಿಳಿಯದು. ಅದರ ಪಕ್ಕದಲ್ಲೇ ಎಂಸಿಟಿ ಎಣ್ಣೆಯ ಬಾಟಲಿ ಇಟ್ಟು ನೋಡಿ: ಅದೇ ಚಳಿಯಲ್ಲೂ ತೆಳ್ಳಗೆ, ತಿಳಿಯಾಗಿ ಹರಿಯುತ್ತದೆ, ಬಣ್ಣವಿಲ್ಲ, ವಾಸನೆಯೂ ಇಲ್ಲ. ಹೆಚ್ಚಾಗಿ ಇದನ್ನೂ ತಯಾರಿಸುವುದು ತೆಂಗಿನೆಣ್ಣೆಯಿಂದಲೇ, ಇಲ್ಲವೆ ತಾಳೆಬೀಜದ ಎಣ್ಣೆಯಿಂದ. ಆದರೂ ಎರಡೂ ಒಂದೇ ಅಲ್ಲ; ವ್ಯತ್ಯಾಸವಿರುವುದು ಕೊಬ್ಬಿನಾಮ್ಲಗಳಲ್ಲಿ.

ಕೊಬ್ಬಿನಾಮ್ಲವೆಂದರೆ ಇಂಗಾಲದ ಪರಮಾಣುಗಳ ಸರಪಳಿ. ಕಡಲೆಕಾಯಿ, ಸೂರ್ಯಕಾಂತಿ ಎಣ್ಣೆಗಳಲ್ಲಿ ಈ ಸರಪಳಿಗೆ ಬಹುಪಾಲು 18 ಇಂಗಾಲ. ಎಂಸಿಟಿ ಎಂದರೆ ಮಧ್ಯಮ ಸರಪಳಿಯ ಟ್ರೈಗ್ಲಿಸರೈಡ್, ಅಂದರೆ ಕೊಬ್ಬು; ಮಧ್ಯಮ ಸರಪಳಿ ಎನ್ನುವುದು 6ರಿಂದ 12 ಇಂಗಾಲದವರೆಗಿನದು. ಎಂಸಿಟಿ ಬಾಟಲಿಯಲ್ಲಿ ಮುಖ್ಯವಾಗಿ 8 ಇಂಗಾಲದ ಕ್ಯಾಪ್ರಿಲಿಕ್ ಮತ್ತು 10 ಇಂಗಾಲದ ಕ್ಯಾಪ್ರಿಕ್ ಆಮ್ಲಗಳಿರುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಇವೆರಡೂ ಸೇರಿ ಸುಮಾರು ಶೇ 15 ಮಾತ್ರ. ಅರ್ಧದಷ್ಟು ಭಾಗ 12 ಇಂಗಾಲದ ಲಾರಿಕ್ ಆಮ್ಲ. ಲೆಕ್ಕಕ್ಕೆ ಅದೂ ಮಧ್ಯಮವೇ. ಆದರೆ ಕರುಳಿಗೆ ಇಳಿದ ಮೇಲೆ ಅದರ ನಡವಳಿಕೆ ಬಹುಮಟ್ಟಿಗೆ ಉದ್ದ ಸರಪಳಿಯದು.

ಉದ್ದ ಸರಪಳಿಯ ಕೊಬ್ಬು ಜೀರ್ಣವಾಗಲು ಪಿತ್ತರಸ ಬೇಕು, ಮೇದೋಜೀರಕ ಗ್ರಂಥಿಯ ಕಿಣ್ವ ಬೇಕು. ಆಮೇಲೂ ಅದು ದುಗ್ಧರಸ ನಾಳಗಳ ಮೂಲಕ ಸುತ್ತಿ ಬಳಸಿ ರಕ್ತ ಸೇರುತ್ತದೆ. 8 ಮತ್ತು 10 ಇಂಗಾಲದವಕ್ಕೆ ಇಷ್ಟೆಲ್ಲ ಬೇಕಿಲ್ಲ. ಕರುಳಿನಿಂದ ನೇರವಾಗಿ ಲಿವರ್‌ಗೆ ಹೋಗಿ ಬೇಗ ಉರಿದು ಶಕ್ತಿಯಾಗುತ್ತವೆ. ಒಂದಷ್ಟು ಭಾಗ ಕೀಟೋನ್‌ಗಳಾಗಿ ಮಾರ್ಪಡುತ್ತದೆ. ಗ್ಲೂಕೋಸ್ ಕಡಿಮೆಯಾದಾಗ ಮಿದುಳು ಅವನ್ನು ಬಳಸಿಕೊಳ್ಳುತ್ತದೆ.

ಹೀಗಾಗಿ ಈ ಎಣ್ಣೆಯ ನಿಜವಾದ ಬೆಲೆ ಗೊತ್ತಿರುವುದು ಆಸ್ಪತ್ರೆಗಳಿಗೆ. ಕೊಬ್ಬು ಜೀರ್ಣಿಸಲಾಗದ ರೋಗಿಗಳಿಗೆ, ದುಗ್ಧರಸ ಎದೆಗೂಡಿನೊಳಗೆ ಸೋರಿ ತುಂಬಿಕೊಳ್ಳುವ ಮಕ್ಕಳಿಗೆ ಇದು ಜೀವ ಹಿಡಿದಿಡುವ ಆಹಾರ. ಔಷಧಿಗೆ ಬಗ್ಗದ ಫಿಟ್ಸ್ ಇರುವ ಮಕ್ಕಳಿಗಾಗಿ 1971ರಲ್ಲಿ ಪೀಟರ್ ಹಟನ್‌ಲೋಕರ್ ಎಂಬ ನರರೋಗ ತಜ್ಞರು ಎಂಸಿಟಿ ಎಣ್ಣೆಯ ಕೀಟೋಜೆನಿಕ್ (ಪಿಷ್ಟ ಕಡಿಮೆ, ಕೊಬ್ಬು ಹೆಚ್ಚು ಇರುವ) ಪಥ್ಯವನ್ನು ರೂಪಿಸಿದರು. ಅದರಲ್ಲಿ ಒಟ್ಟು ಶಕ್ತಿಯ ಸುಮಾರು ಶೇ 60 ಈ ಎಣ್ಣೆಯಿಂದಲೇ. ಮಾಮೂಲಿ ಕೊಬ್ಬಿಗಿಂತ ಈ ಎಣ್ಣೆಯಿಂದ ಹೆಚ್ಚು ಕೀಟೋನ್ ಹುಟ್ಟುವುದರಿಂದ ಮಗುವಿನ ತಟ್ಟೆಗೆ ಒಂದಿಷ್ಟು ಅನ್ನ, ಹಣ್ಣು ಮರಳಿ ಬಂತು. ಊಟವೇ ಔಷಧಿಯಾಗಿಬಿಟ್ಟ ಮಗುವಿಗೆ ಅದು ಸಣ್ಣ ಮಾತಲ್ಲ. ಆದರೆ ಹೊಟ್ಟೆನೋವು, ಭೇದಿಯ ಕಾಟವೂ ಜೊತೆಗೇ ಬಂತು.

ತೂಕ ಇಳಿಸುವ ಮಾತು ಬೇರೆ. 13 ಪ್ರಯೋಗಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯಲ್ಲಿ ಕಂಡ ಇಳಿಕೆ ಸರಾಸರಿ ಅರ್ಧ ಕಿಲೋ. ಅದೂ ಬೇರೆ ಎಣ್ಣೆಯ ಬದಲಿಗೆ ಇದನ್ನು ಬಳಸಿದಾಗ. ಬೆಳಗಿನ ಕಾಫಿಗೆ ಬೆಣ್ಣೆಯ ಜೊತೆ ಒಂದು ದೊಡ್ಡ ಚಮಚ ಸುರಿದುಕೊಂಡರೆ ಒಳಗೆ ಹೋಗುವುದು ನೂರಕ್ಕೂ ಹೆಚ್ಚು ಕ್ಯಾಲೊರಿ, ಅಷ್ಟೇ. ಇದರಲ್ಲಿ ದೇಹಕ್ಕೆ ಅಗತ್ಯವಾದ ಒಮೆಗಾ ಕೊಬ್ಬಿನಾಮ್ಲಗಳೂ ಇಲ್ಲ. ಬೇಗ ಹೊಗೆಯಾಡುವುದರಿಂದ ಕರಿಯಲೂ ಬಾರದು.

ಆದರೂ ಪ್ರಯತ್ನಿಸುವೆನೆಂದರೆ ಊಟದ ಜೊತೆ ಒಂದು ಟೀ ಚಮಚದಿಂದ ಆರಂಭಿಸಿ; ಖಾಲಿ ಹೊಟ್ಟೆಗೆ ಬೇಡ. ಲೇಬಲ್‌ನಲ್ಲಿ ಲಾರಿಕ್ ಆಮ್ಲವೇ ಹೆಚ್ಚಿದ್ದರೆ ಆ ದುಡ್ಡು ದಂಡ. ಲಿವರ್ ಸಿರೋಸಿಸ್ ಇರುವವರು, ಇನ್ಸುಲಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಫಿಟ್ಸ್ ಇರುವ ಮಗುವಿಗಂತೂ ಯಾರದೋ ವಿಡಿಯೊ ನೋಡಿ ಈ ಎಣ್ಣೆ ಕುಡಿಸಬೇಡಿ. ನರರೋಗ ತಜ್ಞರ ಬಳಿಗೆ ಕರೆದೊಯ್ಯಿರಿ.